ಕೆಂಪು ರಿಬ್ಬನ್ನಿನ ಗ್ಲಾಸು

“ಹುಷಾರು ಮೇಡಂ, ಬಿರಡೆ ಕಡೆ ಮುಖ ಇಟ್ಕೋಬೇಡಿ,” ಎನ್ನುತ್ತ ಸಿದ್ದಾರ್ಥ್ ಹೇಮಲತಾಳ ಕೈಯಿಂದ ಬಾಟಲಿಯನ್ನು ಮೆಲ್ಲಗೆ ತೆಗೆದುಕೊಂಡ. “ಬಸ್ಸಿನ ಟೈರಲ್ಲಿ ಇರೋವಷ್ಟು ಒತ್ತಡ ಇದರೊಳಗೆ ಇರುತ್ತೆ. ಈ ತಂತಿ ಬಿಚ್ಕೊಂಡ್ರೆ ಬಿರಡೆ ನೇರ ಕಣ್ಣಿಗೇ.”

“ನನಗೆ ಇದೆಲ್ಲ ಹೊಸದು,” ಎಂದಳು ಹೇಮಲತಾ. “ನಮ್ಮ ದಾವಣಗೆರೆ ಮನೇಲಿ ಪಾನಕ ಬಿಟ್ರೆ ಬೇರೆ ಏನೂ ಗೊತ್ತಿಲ್ಲ.”

ಸಿದ್ದಾರ್ಥ್ ನಕ್ಕ. ಆ ನಗು ಸ್ವಲ್ಪ ಬೇಗ ಬಂತು, ಸ್ವಲ್ಪ ಬೇಗ ಹೋಯಿತು.

ಹೂಡಿ ಊರಿನಾಚೆ ದ್ರಾಕ್ಷಿ ತೋಟಗಳ ನಡುವೆ ಕಟ್ಟಿದ ಆ ವೈನರಿಯ ನೆಲಮಾಳಿಗೆ ಹಗಲಲ್ಲೂ ತಣ್ಣಗಿತ್ತು. ಗೋಡೆಯುದ್ದಕ್ಕೂ ಮರದ ಚೌಕಟ್ಟುಗಳಲ್ಲಿ ಬಾಟಲಿಗಳು ತಲೆಕೆಳಗಾಗಿ ನಿಂತಿದ್ದವು. ಹೊರಗೆ ರಸ್ತೆಯಲ್ಲಿ ಓಡಾಡುವ ಜಲ್ಲಿ ಲಾರಿಗಳ ಸದ್ದು ಇಲ್ಲಿಗೆ ತಲುಪುತ್ತಿರಲಿಲ್ಲ.

ಕಳೆದ ಶನಿವಾರ ಇದೇ ವೈನರಿಯ ಪ್ರಾರಂಭೋತ್ಸವಕ್ಕೆ ಬಂದವರಲ್ಲಿ ಹಲವರು ಆಸ್ಪತ್ರೆ ಸೇರಿದ್ದರು, ಮಾಲೀಕ ಚನ್ನವೀರಪ್ಪ ಸೋಮವಾರ ಪ್ರಾಣ ಬಿಟ್ಟಿದ್ದರು, ಅಡುಗೆ ಮಾಡಿ ಬಡಿಸಿದ ವನಜಾ ಇವತ್ತು ಬೆಳಗ್ಗೆ ಪೊಲೀಸರ ವಶವಾಗಿದ್ದಳು.

ಸಿದ್ದಾರ್ಥ್ ಚನ್ನವೀರಪ್ಪನವರ ಅಳಿಯ. ವೈನ್ ಮಾಡುವ ವಿದ್ಯೆಯನ್ನು ಫ್ರಾನ್ಸಿನಲ್ಲಿ ಕಲಿತು ಬಂದವನು. ಮಾವನನ್ನು ಮಣ್ಣು ಮಾಡಿ ಬಂದ ಎರಡೇ ದಿನಕ್ಕೆ ಇಸ್ತ್ರಿ ಶರಟು ತೊಟ್ಟು ಕೆಲಸಕ್ಕೆ ಬಂದಿದ್ದ.

“ಯಾರ ಕಡೆಯಿಂದ ಬಂದಿದ್ದು ಅಂದ್ರಿ?” ಅವನು ಎರಡನೇ ಸಲ ಕೇಳಿದ.

“ವನಜಾ ತಾಯಿ ಭಾಗ್ಯಮ್ಮನ ಕಡೆಯಿಂದ.”

“ಪಾಪ. ಹುಡುಗಿ ಅಡುಗೆ ಚೆನ್ನಾಗೇ ಮಾಡ್ತಾಳೆ. ಪಾತ್ರೆ ಏನಾಗಿತ್ತೋ ಏನೋ.” ಬಾಟಲಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಅವನು ಈ ಮಾತನ್ನು ಹೇಳಿದ.

ಈ ಮನುಷ್ಯ ಪಾತ್ರೆಯ ಮೇಲೆ ತಪ್ಪು ಹೊರಿಸಲು ಯಾಕೆ ಇಷ್ಟು ಆತುರಪಡುತ್ತಿದ್ದಾನೆ ಎಂದು ಹೇಮಲತಾ ಯೋಚಿಸಿದಳು.

ಬೆಳಗ್ಗೆ ಅವಳ ಬಾಗಿಲು ತಟ್ಟಿದ್ದು ಭಾಗ್ಯಮ್ಮ. ಮಾರತ್ತಹಳ್ಳಿಯಲ್ಲಿ ಭಾಗ್ಯಮ್ಮನ ಹೊಸ ಕಟ್ಟಡದ ಮಹಡಿಯ ಮೇಲೆ ಹೇಮಲತಾಳ ಪತ್ತೇದಾರಿ ಕಚೇರಿ. ಪೀಣ್ಯದ ಔಷಧಿ ಕಾರ್ಖಾನೆಯ ಪ್ರಯೋಗಶಾಲೆಯ ಕೆಲಸ ಬಿಟ್ಟು ಅವಳು ಇದನ್ನು ತೆರೆದಾಗ ಬೇರೆ ಯಾರೂ ಜಾಗ ಕೊಟ್ಟಿರಲಿಲ್ಲ. ಭಾಗ್ಯಮ್ಮ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿ ಬೀಗದ ಕೈ ಕೊಟ್ಟಿದ್ದಳು: “ಒಬ್ಳೇ ಇರಾಕೆ ಎದ್ರಿಕೆ ಆಗಾಕಿಲ್ವೇನವ್ವ?”

ಇವತ್ತು ಅದೇ ಭಾಗ್ಯಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

“ಏಮಕ್ಕ, ನನ್ ಮಗಳ್ನ ಜೀಪಲ್ಲಿ ಕೂರ್ಸ್ಕೊಂಡೋದ್ರು ಕಣವ್ವ. ಊಟಕ್ಕೆ ಇಸ ಬಿದ್ದದೆ, ನಿನ್ ಮಗಳೇ ಕಾರಣ ಅಂತವ್ರೆ. ಅವ್ಳು ಅಂಗೆ ಮಾಡೋಳಾ, ನೀನೇ ಏಳು.”

“ನೀವು ಒಳಗೆ ಬಂದು ನೀರು ಕುಡೀರಿ ಮೊದಲು,” ಎಂದು ಹೇಮಲತಾ ಅವಳ ತೋಳು ಹಿಡಿದು ಎಬ್ಬಿಸಿದಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಶಿವಶಂಕರ್ ಮರ್ಯಾದೆಯಿಂದಲೇ ಮಾತಾಡಿಸಿದರು. ಆದರೆ ಅವರ ಲೆಕ್ಕ ಸರಳವಾಗಿತ್ತು. “ವೈನ್ ಎಲ್ಲರೂ ಕುಡಿದಿದ್ದಾರೆ ಮೇಡಂ. ಕಾಯಿಲೆ ಬಿದ್ದಿರೋದು ಕೆಲವರು. ವೈನರಿಯಿಂದ ಒಂದು ಬಾಟಲಿ ತರಿಸಿ ಪರೀಕ್ಷೆ ಮಾಡಿಸಿದ್ದೂ ಆಯ್ತು, ಅದರಲ್ಲಿ ಏನೂ ಇಲ್ಲ. ಉಳಿದಿದ್ದು ಊಟ. ನಾಳೆ ಆ ಹುಡುಗೀನ ಕೋರ್ಟಿಗೆ ಹಾಜರುಪಡಿಸ್ತೀವಿ.”

ಕಂಬಿಯ ಹಿಂದೆ ವನಜಾ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಳು. ಹೇಮಲತಾಳನ್ನು ನೋಡಿದವಳೇ ಕೇಳಿದ್ದು ಒಂದೇ. “ಅಕ್ಕ, ನಾನು ಎಲ್ಲಾ ಪಾತ್ರೆಯಿಂದಾನೂ ತಿಂದಿದ್ದೀನಿ. ನನಗ್ಯಾಕೆ ಏನೂ ಆಗಿಲ್ಲ?”

ಆ ಪ್ರಶ್ನೆಯನ್ನು ಹಿಡಿದುಕೊಂಡೇ ಹೇಮಲತಾ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು, ರೋಗಿಗಳ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಯಂತ್ರ ತಂಪು ಮಾಡಲು ಬಳಸುವ ದ್ರವದಂಥ ವಿಷ ಇರಬಹುದೆಂಬ ಅನುಮಾನವಿದೆ, ಖಚಿತವಿಲ್ಲ ಎಂದರು. “ಅದು ಬಾಯಿಗೆ ಸಿಹಿಯಾಗಿರುತ್ತೆ. ಅದೇ ಅಪಾಯ,” ಎಂದೂ ಸೇರಿಸಿದರು.

ವೈನರಿಗೆ ದ್ರಾಕ್ಷಿ ಕೊಡುವ ತೋಟದ ವೆಂಕಟರಮಣಪ್ಪ ಮೂಲೆಯ ಮಂಚದಲ್ಲಿ ಮಲಗಿದ್ದರು. ಮುಖ ಊದಿಕೊಂಡಿತ್ತು.

“ಅವತ್ತು ಏನು ಕುಡಿದ್ರಿ ಯಜಮಾನ್ರೇ?”

“ಕೆಂಪು ರಿಬ್ಬನ್ ಕಟ್ಟಿದ್ರಲ್ಲ, ಅದು ಕಣವ್ವ. ಬೇರೇದು ಉಳಿ ಉಳಿ, ಗಂಟ್ಲಲ್ಲಿ ಇಳೀಲಿಲ್ಲ. ಇದು ಜ್ಯೂಸ್ ಇದ್ದಂಗಿತ್ತು. ಇನ್ನೊಂದು ಈಸ್ಕೊಂಡೆ.”

ಉತ್ಸವದ ದಿನ ನಾಲ್ಕು ಬಗೆಯ ವೈನ್ ಹಂಚಿದ್ದರು. ನೋಡಲು ಎಲ್ಲವೂ ಒಂದೇ ಬಣ್ಣ, ಒಂದೇ ನೊರೆ. ಅತಿಥಿಗಳಿಗೆ ಗೊಂದಲ ಆಗದಿರಲೆಂದು ಗ್ಲಾಸಿನ ಕಾಲಿಗೆ ಬಿಳಿ, ಹಸಿರು, ಹಳದಿ, ಕೆಂಪು ರಿಬ್ಬನ್ ಕಟ್ಟಿದ್ದರು. ಕೆಂಪು ಎಲ್ಲಕ್ಕಿಂತ ಸಿಹಿ. ಬಿಳಿಯಲ್ಲಿ ಸಿಹಿಯೇ ಇಲ್ಲ.

ಹೇಮಲತಾ ಮಂಚದಿಂದ ಮಂಚಕ್ಕೆ ಹೋಗಿ ಊಟದ ಬಗ್ಗೆ ಒಂದು ಮಾತೂ ಕೇಳದೆ ರಿಬ್ಬನ್ನಿನ ಬಣ್ಣವನ್ನಷ್ಟೇ ಕೇಳಿದಳು. ಕೆಂಪು ಕುಡಿದವರು ಎಲ್ಲರಿಗಿಂತ ಹೆಚ್ಚು ನರಳುತ್ತಿದ್ದರು. ಹಸಿರು ಕುಡಿದಿದ್ದ ಒಬ್ಬ ಹೆಂಗಸಿಗೆ ಬರೀ ವಾಂತಿ, ತಲೆನೋವು, ಸಂಜೆ ಮನೆಗೆ ಕಳಿಸುವವರಿದ್ದರು. ಬಿಳಿ ಕುಡಿದವರು ಆ ಆಸ್ಪತ್ರೆಯಲ್ಲಿ ಒಬ್ಬರೂ ಇರಲಿಲ್ಲ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರೊಬ್ಬರು ಬಿಳಿ ಕುಡಿದು ವನಜಾಳ ಊಟವನ್ನು ಎರಡೆರಡು ಸಲ ಬಡಿಸಿಕೊಂಡಿದ್ದರಂತೆ. ಫೋನ್ ಮಾಡಿದರೆ ಅವರು ಆರಾಮಾಗಿ ಆಫೀಸಿನಲ್ಲಿದ್ದರು.

ಸಿಹಿ ಹೆಚ್ಚಿದಷ್ಟೂ ವಿಷ ಹೆಚ್ಚು. ಹೇಮಲತಾಳಿಗೆ ದಾರಿ ಕಂಡಂತಾಯಿತು.

ಆದರೆ ಕೊನೆಯ ಮಂಚ ಆ ದಾರಿಯನ್ನು ಮುಚ್ಚಿತು. ಅಲ್ಲಿದ್ದವರು ಪೀಣ್ಯದಲ್ಲಿ ಕಾರ್ಖಾನೆ ನಡೆಸುವ ಒಬ್ಬರು. ಸಕ್ಕರೆ ಕಾಯಿಲೆಯವರು. “ನಾನು ಸಿಹಿ ಮುಟ್ಟಲ್ಲಮ್ಮ. ಬಾಟಲಿ ಮೇಲಿನ ಹೆಸರು ಓದೇ ತಗೊಂಡಿದ್ದು. ಎಕ್ಸ್‌ಟ್ರಾ ಡ್ರೈ ಅಂತಿತ್ತು. ಹಳದಿ ರಿಬ್ಬನ್,” ಎಂದರು. ಡ್ರೈ ಅಂದರೆ ಸಿಹಿ ಇಲ್ಲದ್ದು ಎಂದು ಎಲ್ಲರಂತೆ ಅವರೂ ತಿಳಿದಿದ್ದರು. ಆದರೂ ಹಸಿರು ಕುಡಿದ ಹೆಂಗಸಿಗಿಂತ ಅವರ ಸ್ಥಿತಿ ಕೆಟ್ಟಿತ್ತು.

ಸಿಹಿಯಿಲ್ಲದ್ದನ್ನು ಕುಡಿದವರಿಗೆ ವಿಷ ಹೇಗೆ ಏರಿತು? ಲೆಕ್ಕ ಒಂದೇ ಕಡೆ ತಪ್ಪುತ್ತಿತ್ತು.

ಅವಳು ಹೊರಡುವಾಗ ವೆಂಕಟರಮಣಪ್ಪ ಕೈಸನ್ನೆ ಮಾಡಿ ಹತ್ತಿರ ಕರೆದು, ಹೆಂಡತಿಗೆ ಕೇಳಿಸದಂತೆ ಏನೋ ಪಿಸುಗುಟ್ಟಿದರು. ಹೇಮಲತಾ ತನ್ನ ಕೈನೆಟಿಕ್ ಸ್ಕೂಟರ್ ಹತ್ತಿ ಮೊದಲು ಅವರ ಮನೆಗೆ, ಅಲ್ಲಿಂದ ಠಾಣೆಗೆ, ಆಮೇಲೆ ಮಾರತ್ತಹಳ್ಳಿಯ ಒಂದು ವಿಡಿಯೋ ಅಂಗಡಿಗೆ ಹೋಗಿ, ಕೊನೆಗೆ ವೈನರಿಗೆ ಬಂದಿದ್ದಳು.

“ಇದನ್ನ ಷಾಂಪೇನ್ ಅನ್ನಬಹುದಾ?” ಅವಳು ಸಿದ್ದಾರ್ಥ್‌ನನ್ನು ಕೇಳಿದಳು.

“ಅನ್ನೋ ಹಾಗಿಲ್ಲ. ಆ ಹೆಸರು ಫ್ರಾನ್ಸಿನ ಒಂದು ಸೀಮೆಗೇ ಮೀಸಲು. ನಮ್ಮದು ಸ್ಪಾರ್ಕ್ಲಿಂಗ್ ವೈನ್, ಅಂದ್ರೆ ನೊರೆ ಏಳೋ ವೈನ್ ಅಷ್ಟೇ. ಆದರೆ ಪದ್ಧತಿ ಅವರದ್ದೇ.” ಅವನ ದನಿಯಲ್ಲಿ ಹುರುಪು ಬಂತು. “ಕೆಲವರು ಸೋಡಾ ಮಾಡೋ ಥರ ಗ್ಯಾಸ್ ಒತ್ತಿಬಿಡ್ತಾರೆ. ಇಟಲಿ ಕಡೆ ದೊಡ್ಡ ಟ್ಯಾಂಕಲ್ಲಿ ನೊರೆ ಬರಿಸಿ ಆಮೇಲೆ ತುಂಬ್ತಾರೆ, ಅದು ಹಣ್ಣು ಹಣ್ಣಾಗಿ, ಹಗುರವಾಗಿರುತ್ತೆ. ನಾವು ಬಾಟಲಿ ಒಳಗೇ ಎರಡನೇ ಸಲ ಹುದುಗು ಎಬ್ಬಿಸ್ತೀವಿ. ಗುಳ್ಳೆ ಸಣ್ಣದಾಗಿ, ತುಂಬ ಹೊತ್ತು ಏಳ್ತಾ ಇರುತ್ತೆ.”

“ತಲೆಕೆಳಗೆ ಯಾಕೆ ನಿಲ್ಲಿಸಿದ್ದೀರಿ?”

“ಹುದುಗಿನ ಮಡ್ಡಿ ಕುತ್ತಿಗೆಗೆ ಇಳೀಲಿ ಅಂತ. ಆಮೇಲೆ ಕುತ್ತಿಗೇನ ಈ ಕೊರೆಯೋ ತಣ್ಣನೆ ದ್ರವದ ತೊಟ್ಟಿಗೆ ಅದ್ದುತ್ತೀವಿ. ಮಡ್ಡಿ ಹೆಪ್ಪುಗಟ್ಟುತ್ತೆ. ಮುಚ್ಚಳ ತೆಗೆದರೆ ಒಳಗಿನ ಒತ್ತಡಕ್ಕೆ ಆ ಹೆಪ್ಪು ತಾನೇ ಹಾರಿಹೋಗುತ್ತೆ. ಖಾಲಿಯಾದ ಜಾಗಕ್ಕೆ ವೈನಲ್ಲಿ ಕರಗಿಸಿದ ಸಕ್ಕರೆ ಪಾಕ ಹಾಕಿ, ಬಿರಡೆ ಒತ್ತಿ, ತಂತಿ ಬಿಗೀತೀವಿ. ಪಾಕ ಎಷ್ಟು ಹಾಕ್ತೀವೋ ಅದರ ಮೇಲೆ ವೈನಿನ ಹೆಸರು.”

ಹೇಮಲತಾ ತೊಟ್ಟಿಯೊಳಗಿನ ತಿಳಿ ದ್ರವವನ್ನು ನೋಡಿದಳು. ನೋಟ ಅಲ್ಲಿಂದ ಕಿತ್ತು ಕೇಳಿದಳು. “ನನಗೆ ಒಂದು ಅರ್ಥ ಆಗ್ಲಿಲ್ಲ. ಹಸಿರು ರಿಬ್ಬನ್ ಬ್ರೂಟ್. ಹಳದಿ ಎಕ್ಸ್‌ಟ್ರಾ ಡ್ರೈ. ಡ್ರೈ ಅಂದ್ಮೇಲೆ ಹಳದೀಲಿ ಸಿಹಿ ಕಮ್ಮಿ ಇರಬೇಕಲ್ವಾ?”

“ಎಲ್ಲರೂ ಇಲ್ಲೇ ಬೀಳೋದು,” ಎಂದು ಸಿದ್ದಾರ್ಥ್ ತೃಪ್ತಿಯಿಂದ ನಕ್ಕ. “ಹಿಂದಿನ ಕಾಲದಲ್ಲಿ ಈ ವೈನ್ ಎಲ್ಲ ಶರಬತ್ತಿನಷ್ಟು ಸಿಹಿ ಇರ್ತಿತ್ತು. ಅದಕ್ಕೆ ಹೋಲಿಸಿ ಡ್ರೈ ಅಂತ ಹೆಸರಿಟ್ರು. ಆಮೇಲೆ ಅದಕ್ಕಿಂತ ಕಮ್ಮಿ ಸಿಹಿದು ಬಂತು, ಅದಕ್ಕೆ ಬ್ರೂಟ್ ಅಂದ್ರು. ಅಂದ್ರೆ ಎಕ್ಸ್‌ಟ್ರಾ ಡ್ರೈ ಬ್ರೂಟ್‌ಗಿಂತ ಸಿಹಿ. ಪಾಕ ಹಾಕದೇ ಇರೋದು ಬಿಳಿ, ಬ್ರೂಟ್ ನೇಚರ್. ಸ್ವಲ್ಪ ಹಾಕಿದ್ರೆ ಹಸಿರು. ಇನ್ನೊಂದಿಷ್ಟು ಹಾಕಿದ್ರೆ ಹಳದಿ. ಕೆಂಪು ಡೆಮಿ ಸೆಕ್, ಅದಕ್ಕೆ ಧಾರಾಳವಾಗಿ ಹಾಕ್ತೀವಿ. ನಮ್ಮ ಜನಕ್ಕೆ ಅದೇ ಇಷ್ಟ.”

ಕೊನೆಯ ಮಂಚದ ಗಂಟು ಬಿಚ್ಚಿತು. ಆ ಸಕ್ಕರೆ ಕಾಯಿಲೆಯವರು ಹೆಸರು ಓದಿ, ನಂಬಿ, ಮೋಸ ಹೋಗಿದ್ದರು. ವಿಷ ಊಟದಲ್ಲಿರಲಿಲ್ಲ. ವೈನಿನಲ್ಲೂ ಇರಲಿಲ್ಲ. ವೈನಿಗೆ ಕೊನೆಯಲ್ಲಿ ಸೇರಿಸಿದ ಪಾಕದಲ್ಲಿತ್ತು.

“ಪಾಕ ಯಾರು ಮಾಡ್ತಾರೆ?”

“ನಾನೇ. ಅದೊಂದನ್ನ ಯಾರ ಕೈಗೂ ಕೊಡಲ್ಲ.”

“ಪಾಕದ ಕೋಣೆ ಬೀಗದ ಕೈ?”

“ನನ್ನ ಹತ್ರ ಒಂದು. ಮಾವನ ಹತ್ರ ಒಂದಿತ್ತು.” ಉತ್ತರ ಕೊಟ್ಟ ಮೇಲೆ ಅವನು ಅವಳ ಮುಖವನ್ನು ನೋಡಿದ. ಆಗ ಅವನ ಹುರುಪು ಇಳಿಯತೊಡಗಿತು. “ಯಾಕೆ ಕೇಳ್ತಿದ್ದೀರಿ?”

“ಈ ತೊಟ್ಟೀಲಿ ಇರೋದು ಏನು ಸಾರ್?”

“ಕೂಲೆಂಟ್. ಎಷ್ಟು ತಣ್ಣಗಾದ್ರೂ ಗಡ್ಡೆ ಕಟ್ಟದ ದ್ರವ.”

“ಅದರ ರುಚಿ ಸಿಹಿ ಅಂತೆ. ಡಾಕ್ಟರು ಹೇಳಿದ್ರು.”

ಸಿದ್ದಾರ್ಥ್ ಬಾಟಲಿಯನ್ನು ಚೌಕಟ್ಟಿಗೆ ಸೇರಿಸಲು ಹೋದ. ಅದು ಒಂದೆರಡು ಸಲ ತೂತಿನ ಅಂಚಿಗೆ ತಗುಲಿ ಆಮೇಲೆ ಕೂತಿತು. “ಕುತ್ತಿಗೆ ಅದ್ದುವಾಗ ಎಲ್ಲಾದ್ರೂ ಒಂದು ತೊಟ್ಟು ಒಳಗೆ ಹೋಗಿರಬಹುದು. ಯಂತ್ರ ಹೊಸದು. ಆಕಸ್ಮಿಕ.”

“ಬಿಳಿ ರಿಬ್ಬನ್ ಬಾಟಲಿಗಳನ್ನೂ ಇದೇ ತೊಟ್ಟಿಗೆ ಅದ್ದಿದ್ದು ತಾನೇ?”

ಅವನು ತೊಟ್ಟಿಯ ಕಡೆ ತಿರುಗಿದ.

“ಅದ್ದಿದ್ದರಿಂದ ಒಳಗೆ ಹೋಗಿದ್ರೆ ಬಿಳಿ ಕುಡಿದವರೂ ಮಲಗಬೇಕಿತ್ತು. ಅವರೆಲ್ಲ ಚೆನ್ನಾಗಿದ್ದಾರೆ. ಪೊಲೀಸರಿಗೆ ಪರೀಕ್ಷೆಗೆ ಅಂತ ನೀವು ಕೊಟ್ಟಿದ್ದು ಯಾವ ಬಾಟಲಿ?”

“ಕೈಗೆ ಸಿಕ್ಕಿದ್ದು ಕೊಟ್ಟೆ.”

“ಬಿಳಿದು ಕೊಟ್ರಿ. ಠಾಣೇಲಿ ನೋಡಿದೆ. ಕೆಂಪು ಬಾಟಲಿಗಳು ಎಲ್ಲಿ?”

ಅವನು ಬೆರಳು ಮಾಡಿದ ಕಡೆ ಚೌಕಟ್ಟು ಬರಿದಾಗಿತ್ತು. ತೂತುಗಳ ಸುತ್ತ ಧೂಳಿನಲ್ಲಿ ಬಾಟಲಿ ಎಳೆದ ಗುರುತುಗಳು ಇನ್ನೂ ಹೊಸದಾಗಿದ್ದವು.

“ಪೊಲೀಸರು ತಗೊಂಡೋದ್ರು,” ಎಂದ ಸಿದ್ದಾರ್ಥ್.

“ಅವರು ತಗೊಂಡಿದ್ದು ವನಜಾಳ ಪಾತ್ರೆಗಳನ್ನ. ಇನ್ಸ್‌ಪೆಕ್ಟರನ್ನೇ ಕೇಳಿದೀನಿ. ನಿಮ್ಮ ಆಫೀಸಲ್ಲಿ ಫೋನ್ ಇದೆಯಲ್ಲ, ನೀವೂ ಕೇಳಿ ಬನ್ನಿ.”

ಮೇಲಿನ ಆಫೀಸು ಕೋಣೆಯ ಗೋಡೆಗೆ ಚನ್ನವೀರಪ್ಪನವರ ಫೋಟೋ ತಗುಲಿಹಾಕಿದ್ದರು. ಹಣೆಯ ತುಂಬ ವಿಭೂತಿ, ಫೋಟೋಗೆ ಹೊಸ ಹಾರ. ಜೀವಮಾನದಲ್ಲಿ ಮದ್ಯ ಮುಟ್ಟದ ಮನುಷ್ಯ ವೈನರಿ ಕಟ್ಟಿಸಿದ್ದಕ್ಕೆ ನೆಂಟರು ಮಾತಾಡಿಕೊಂಡಿದ್ದರಂತೆ. ಮಗಳು ಅಳಿಯ ಆಸೆಪಟ್ಟರು ಎಂದಷ್ಟೇ ಅವರ ಉತ್ತರವಂತೆ.

ಸಿದ್ದಾರ್ಥ್ ಫೋನಿನ ಹತ್ತಿರ ಹೋಗಲಿಲ್ಲ. ಹೇಮಲತಾಳೇ ನಂಬರ್ ತಿರುಗಿಸಿದಳು.

“ಶಿವಶಂಕರ್ ಸಾರ್, ಮಧ್ಯಾಹ್ನ ನಿಮ್ಮ ಮೇಜಿನ ಮೇಲೆ ಇಟ್ಟು ಬಂದೆನಲ್ಲ, ಆ ಬಾಟಲಿ ಹಾಗೇ ಇದೆಯಾ?”

“ಇದೆ. ಯಾರೂ ಮುಟ್ಟಿಲ್ಲ.”

“ಅದು ಕೆಂಪು ರಿಬ್ಬನ್ ಜಾತಿದು. ಈಗಲೇ ಲ್ಯಾಬಿಗೆ ಕಳಿಸಿ. ಯಂತ್ರಕ್ಕೆ ಹಾಕೋ ಕೂಲೆಂಟ್ ಇದೆಯಾ ಅಂತ ನೋಡೋಕೆ ಹೇಳಿ. ಬಿಳಿ ಬಾಟಲೀಲಿ ಏನೂ ಸಿಗದೇ ಇರೋಕೆ ಕಾರಣ ಇದೆ. ಅದರಲ್ಲಿ ಪಾಕಾನೇ ಇರಲ್ಲ.”

ಅವಳು ಹಸಿರು, ಹಳದಿ, ಕೆಂಪಿನ ಲೆಕ್ಕವನ್ನೆಲ್ಲ ವಿವರಿಸಿದಳು. ಆ ಕಡೆ ಶಿವಶಂಕರ್ ಗಂಟಲು ಸರಿಮಾಡಿಕೊಂಡರು. “ಲ್ಯಾಬಿನ ವರದಿ ಬರಲಿ. ಅಲ್ಲೀವರೆಗೂ ಆ ಹುಡುಗಿ ಮೇಲೆ ನಾನು ಒತ್ತಾಯ ಮಾಡಲ್ಲ. ನಾಳೆ ಜಾಮೀನು ಕೇಳಿದ್ರೆ ನಮ್ಮ ಕಡೆಯಿಂದ ಅಡ್ಡಿ ಇಲ್ಲ. ನಾನು ಅಲ್ಲಿಗೇ ಬರ್ತಿದೀನಿ. ಯಾರೂ ಹೊರಗೆ ಹೋಗದ ಹಾಗೆ ನೋಡ್ಕೊಳ್ಳಿ.”

ಹೇಮಲತಾ ಫೋನ್ ಇಟ್ಟಳು. ಭಾಗ್ಯಮ್ಮನಿಗೆ ಹೇಳಲು ಇವತ್ತು ಒಂದು ಮಾತಾದರೂ ಸಿಕ್ಕಿತು.

“ಕೆಂಪು ಬಾಟಲಿ ಎಲ್ಲಿಂದ ಬಂತು?” ಸಿದ್ದಾರ್ಥ್ ಕೇಳಿದ. “ಒಂದೂ ಉಳಿದಿರಲಿಲ್ಲ.”

“ವೆಂಕಟರಮಣಪ್ಪನೋರ ಮನೆಯಿಂದ. ಅವತ್ತು ಹೊರಡುವಾಗ ಮೇಜಿನ ಕೆಳಗಿಂದ ಒಂದನ್ನ ಎತ್ತಿ ಪಂಚೇಲಿ ಸುತ್ಕೊಂಡು ಹೋಗಿದ್ರಂತೆ. ಹೆಂಡತಿಗೆ ಹೆದರಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ರು. ಬಿರಡೆ ತೆಗೆದಿಲ್ಲ, ತಂತಿ ಹಾಗೇ ಇದೆ.” ಹೇಮಲತಾ ಅವನ ಎದುರಿನ ಕುರ್ಚಿಯಲ್ಲಿ ಕೂತಳು. “ಒಂದೂ ಉಳಿದಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಈಗ ತಾನೇ ಪೊಲೀಸರು ತಗೊಂಡೋದ್ರು ಅಂದ್ರಿ.”

ಸಿದ್ದಾರ್ಥ್ ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ಇನ್ನೂ ಒಂದು ಕೇಳೋದಿದೆ,” ಎಂದಳು ಅವಳು. “ಉತ್ಸವದ ವಿಡಿಯೋ ತೆಗೆದವನ ಅಂಗಡೀಲಿ ಕೂತು ಕ್ಯಾಸೆಟ್ ಪೂರ್ತಿ ನೋಡಿ ಬಂದೆ. ಎಲ್ಲರೂ ಗ್ಲಾಸ್ ಎತ್ತೋ ಹೊತ್ತಿಗೆ ನಿಮ್ಮ ಹೆಂಡತಿ ಶಿವಾನಿ ಕೈಯಲ್ಲಿ ಕೆಂಪು ರಿಬ್ಬನ್ ಗ್ಲಾಸ್ ಇತ್ತು. ನೀವು ವೇದಿಕೆ ಹಿಂದಿನಿಂದ ಓಡ್ಕೊಂಡು ಬಂದು ಅದನ್ನ ಕಿತ್ಕೊಂಡ್ರಿ. ಬಿಳಿ ರಿಬ್ಬನ್ನಿಂದು ಕೊಟ್ರಿ. ಅವರು ಬೇಡ ಅಂತ ಕೈ ಹಿಂದಕ್ಕೆ ಎಳೀತಾರೆ. ನೀವು ಬಿಡಲಿಲ್ಲ.”

“ಅವಳಿಗೆ ಸಿಹಿ ಸೇರಲ್ಲ.”

“ಅದೇ ಕ್ಯಾಸೆಟ್ಟಲ್ಲಿ ಆಮೇಲೆ ಅವರು ಜಾಮೂನು ಎರಡು ಸಲ ಹಾಕಿಸ್ಕೊಂಡಿದ್ದಾರೆ.”

ಕಿಟಕಿಯಾಚೆ ಯಾವುದೋ ಕಾರು ಬಂದು ನಿಂತ ಸದ್ದಾಯಿತು. ಸಿದ್ದಾರ್ಥ್ ಆ ಕಡೆ ನೋಡಿದ, ಮತ್ತೆ ಹೇಮಲತಾಳ ಕಡೆ ತಿರುಗಿದ.

“ಕೆಂಪು ಬಾಟಲಿಗಳನ್ನೆಲ್ಲ ಭಾನುವಾರ ನಾನೇ ಒಡೆದು ಚರಂಡಿಗೆ ಸುರಿದೆ,” ಎಂದ. “ಪಾಕದ ಪಾತ್ರೇನೂ ತೊಳೆದೆ. ಅದು ನನ್ನ ತಪ್ಪು. ಆದರೆ ವಿಷ ಹಾಕಿದ್ದು ನಾನಲ್ಲ.”

“ಹಾಕದೇ ಇದ್ದೋರು ಯಾಕೆ ತೊಳೀತಾರೆ?”

“ಭಯಕ್ಕೆ. ಪಾಕ ಮಾಡೋನು ನಾನೊಬ್ಬನೇ. ಮೊದಲು ಬೆರಳು ನನ್ನ ಕಡೆಗೇ ತಿರುಗುತ್ತೆ.”

“ಅದಕ್ಕೆ ವನಜಾ ಕಡೆಗೆ ತಿರುಗಿಸಿದ್ರಿ.”

ಅವನು ತಲೆ ತಗ್ಗಿಸಿದ. ಹೇಮಲತಾಳಿಗೆ ಕಂಬಿಯ ಹಿಂದೆ ಮೊಣಕಾಲಿಗೆ ತಲೆಯಿಟ್ಟಿದ್ದ ಆ ಹುಡುಗಿ ಕಣ್ಮುಂದೆ ಬಂದಳು. ಸಿಟ್ಟು ನೆತ್ತಿಗೇರಿತು. ಅದನ್ನು ನುಂಗಿಕೊಂಡು ದನಿ ಏರಿಸದೆ ಕೇಳಿದಳು. “ಭಾನುವಾರ ಭಯ ಬಿದ್ರಿ, ಸರಿ. ಜನ ಕಾಯಿಲೆ ಬೀಳೋಕೆ ಶುರುವಾಗಿದ್ದೇ ಭಾನುವಾರ. ಆದರೆ ಶಿವಾನಿ ಕೈಯಿಂದ ಗ್ಲಾಸ್ ಕಿತ್ಕೊಂಡಿದ್ದು ಶನಿವಾರ. ಯಾರೂ ಒಂದು ಗುಟುಕೂ ಕುಡಿಯೋ ಮುಂಚೆ. ಕೆಂಪು ಕುಡಿಯೋ ಹಾಗಿಲ್ಲ ಅಂತ ನಿಮಗೆ ಆಗಲೇ ಗೊತ್ತಿತ್ತು.”

ಸಿದ್ದಾರ್ಥ್ ಗೋಡೆಯ ಫೋಟೋ ಕಡೆ ನೋಡಿದ.

“ಮಾವ ಹೇಳಿದ್ರು,” ಎಂದ.

“ಏನು ಹೇಳಿದ್ರು?”

“ಗ್ಲಾಸ್ ಹಂಚೋಕೆ ಶುರು ಮಾಡಿದಾಗ ವೇದಿಕೆ ಹಿಂದಕ್ಕೆ ಕರೆದ್ರು. ಜನರೇಟರ್ ಪಕ್ಕ. ಮುಖ ಬೆವೆತುಹೋಗಿತ್ತು. ಶಿವಾನಿ ಕೈಗೆ ಕೆಂಪು ರಿಬ್ಬನ್ ಸಿಗಬಾರದು, ಯಾಕೆ ಅಂತ ಕೇಳಬೇಡ, ಓಡು ಅಂದ್ರು. ನಾನು ಓಡಿದೆ. ಅಷ್ಟೇ ಮೇಡಂ.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಏನಾಗುತ್ತೆ ಯೋಚಿಸಿ. ವಿಷ ಇರೋದು ಅವರಿಗೆ ಗೊತ್ತಿತ್ತು ಅಂತಾಗುತ್ತೆ. ಊರವರಿಗೆಲ್ಲ ವಿಷ ಹಂಚೋದನ್ನ ನೋಡ್ಕೊಂಡು ನಿಂತಿದ್ರು ಅಂತಾಗುತ್ತೆ. ಸತ್ತವರ ಮೇಲೆ ಅಂಥ ಮಾತು ಹೇಳಿದ್ರೆ ಶಿವಾನಿ ನನ್ನ ಮುಖ ನೋಡ್ತಾಳಾ?”

ಹೇಮಲತಾಳಿಗೆ ಕ್ಯಾಸೆಟ್ಟಿನ ಆ ಭಾಗ ಚೆನ್ನಾಗಿ ನೆನಪಿತ್ತು. ಅತಿಥಿಗಳು ಇವತ್ತಾದರೂ ಒಂದು ಗುಟುಕು ಕುಡಿಯಿರಿ ಎಂದು ಬಲವಂತ ಮಾಡುತ್ತಾರೆ. ಚನ್ನವೀರಪ್ಪ ಮೊದಲು ಕೈಮುಗಿಯುತ್ತಾರೆ. ಆಮೇಲೆ ತಟ್ಟೆಯಿಂದ ತಾವೇ ಆರಿಸಿ ಕೆಂಪು ರಿಬ್ಬನ್ನಿನ ಗ್ಲಾಸು ತೆಗೆದುಕೊಂಡು, ಔಷಧಿ ಕುಡಿಯುವವರಂತೆ ಒಂದೇ ಉಸಿರಿಗೆ ಖಾಲಿ ಮಾಡುತ್ತಾರೆ.

“ಮಗಳಿಗೆ ಬೇಡ ಅಂದೋರು ತಾವೇ ಯಾಕೆ ಕುಡಿದ್ರು?”

“ಅದೇ ನನಗೆ ಅರ್ಥ ಆಗ್ತಿಲ್ಲ.” ಸಿದ್ದಾರ್ಥ್‌ನ ಕಣ್ಣು ತುಂಬಿತ್ತು. “ದೇವರಾಣೆ ಮೇಡಂ. ಅವತ್ತಿಂದ ನಿದ್ದೆ ಇಲ್ಲ. ಮನೇಲಿ ಕೂತ್ರೆ ಶಿವಾನಿ ಅಳೋದನ್ನ ನೋಡೋಕಾಗಲ್ಲ. ಅದಕ್ಕೇ ಇಲ್ಲಿ ಬಂದು ಕೂತ್ಕೋತೀನಿ.”

ಅವನ ಅಳು ನಿಜವೆಂದೇ ಹೇಮಲತಾಳಿಗೆ ಅನ್ನಿಸಿತು. ಆದರೆ ಪೊಲೀಸರು ತಗೊಂಡೋದ್ರು ಎಂದಾಗಲೂ ಅವನ ದನಿ ನಿಜವೆಂಬಂತೆಯೇ ಇತ್ತು. ಜನರೇಟರ್ ಪಕ್ಕದಲ್ಲಿ ನಡೆದದ್ದಕ್ಕೆ ಸಾಕ್ಷಿಯಾಗಬಲ್ಲ ಇನ್ನೊಬ್ಬರು ಮಣ್ಣಲ್ಲಿದ್ದರು.

“ಅವರು ಮಾತಾಡಿದ್ದನ್ನ ಬೇರೆ ಯಾರಾದ್ರೂ ಕೇಳಿಸ್ಕೊಂಡ್ರಾ?”

“ಇಲ್ಲ. ನಾವಿಬ್ಬರೇ ಇದ್ವಿ.”

“ಶಿವಾನಿಗೆ ಈ ವಿಷಯ ಗೊತ್ತಾ?”

“ಇಲ್ಲ. ದಯವಿಟ್ಟು ಅವಳಿಗೆ ಹೇಳಬೇಡಿ.”

“ಹೇಳೋ ಅಗತ್ಯ ಇಲ್ಲ,” ಎಂಬ ದನಿ ಬಾಗಿಲಿನಿಂದ ಬಂತು.

ಬಿಳಿ ಕಾಟನ್ ಸೀರೆಯುಟ್ಟ ಹೆಂಗಸೊಬ್ಬಳು ಹೊಸ್ತಿಲ ಹೊರಗೆ ನಿಂತಿದ್ದಳು. ಅತ್ತು ಅತ್ತು ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕ್ಯಾಸೆಟ್ಟಿನಲ್ಲಿ ನೋಡಿದ್ದ ಮುಖ. ಶಿವಾನಿ ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ಗೊತ್ತಾಗಲಿಲ್ಲ. ಅವಳು ಒಳಗೆ ಬರಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ.

“ಶಿವಾನಿ,” ಎನ್ನುತ್ತ ಸಿದ್ದಾರ್ಥ್ ಎದ್ದು ಒಂದು ಹೆಜ್ಜೆ ಮುಂದಿಟ್ಟ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ನೀವು ಭಾಗ್ಯಮ್ಮನ ಕಡೆಯೋರು ಅಂತ ಕಾವಲಿನವನು ಹೇಳಿದ,” ಎಂದಳು ಹೇಮಲತಾಳಿಗೆ. “ವನಜಾನ ಹಿಡಿದಿದ್ದಾರೆ ಅಂತ ಮಧ್ಯಾಹ್ನ ತಾನೇ ಗೊತ್ತಾಯ್ತು. ಅದಕ್ಕೇ ಬಂದೆ. ಇದನ್ನ ಯಾರಿಗೂ ಹೇಳಬಾರದು ಅಂತಿದ್ದೆ. ಗಂಡ ಅಲ್ವಾ, ಇವರ ಮೇಲೆ ಅಪ್ಪನಿಗಿದ್ದ ಅನುಮಾನ ಸುಳ್ಳಾಗಿರಲಿ ಅಂತ ನಾಲ್ಕು ದಿನದಿಂದ ಬೇಡ್ಕೋತಿದ್ದೆ.”

“ಯಾವ ಅನುಮಾನ?” ಹೇಮಲತಾ ಕುರ್ಚಿಯಿಂದ ಎದ್ದಳು.

“ಇವರು ಹೇಳಿದ್ದೆಲ್ಲ ಇಲ್ಲೇ ನಿಂತು ಕೇಳಿಸ್ಕೊಂಡೆ. ಜನರೇಟರ್ ಪಕ್ಕ ಏನಾಯ್ತೋ ನನಗೆ ಗೊತ್ತಿಲ್ಲ. ಆದರೆ ಅವತ್ತು ಬೆಳಗ್ಗೆ ಅಪ್ಪ ಪೂಜೆ ಮುಗಿಸಿ ನನ್ನನ್ನ ಒಳಗೆ ಕರೆದು ಬಾಗಿಲು ಹಾಕ್ಕೊಂಡ್ರು.” ಅವಳ ದನಿ ನಡುಗಲಿಲ್ಲ. “ಸಂಜೆ ಕೆಂಪು ರಿಬ್ಬನ್ ಇರೋದನ್ನ ಮಾತ್ರ ಕುಡಿ ಮಗಳೇ, ನಾನೂ ಅದನ್ನೇ ಕುಡೀತೀನಿ, ನಿನ್ನ ಗಂಡ ಬೇರೆ ಏನು ಕೊಟ್ರೂ ಮುಟ್ಟಬೇಡ ಅಂದ್ರು.” ಕೆಂಪಿನ ಬಗ್ಗೆ ಒಂದೇ ಬಾಯಿಂದ ಈ ಎರಡೂ ಮಾತು ಬಂದಿರಲು ಸಾಧ್ಯವಿರಲಿಲ್ಲ; ಗಂಡ ಹೆಂಡತಿಯರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು.